ಹದಿಮೂರು ಸೀಟು, ಇನ್ನೂರು ನಿಮಿಷ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯದ ಅವಧಿ 40 ನಿಮಿಷ. ಅಂಗಳದಲ್ಲಿ ಒಂದು ತಂಡದ ಐವರು ಮಾತ್ರ ಇರಬಹುದು. ನಲವತ್ತನ್ನು ಐದರಿಂದ ಗುಣಿಸಿದರೆ 200. ಒಂದು ಪಂದ್ಯದಲ್ಲಿ ತರಬೇತುದಾರ ತನ್ನ ಹುಡುಗರಿಗೆ ಹಂಚಬಹುದಾದ ಆಟದ ಸಮಯ ಇಷ್ಟೇ. 2025ರವರೆಗೆ ಮೊದಲ ಶ್ರೇಣಿಯ ಪುರುಷರ ತಂಡವೊಂದು 13 ಮಂದಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು. ಸಮನಾಗಿ ಹಂಚಿದರೆ ತಲೆಗೆ ಸುಮಾರು ಹದಿನೈದು ನಿಮಿಷ. ಆದರೆ ಗೆಲ್ಲಲೇಬೇಕೆಂದು ಆಡುವಾಗ ಸಮಪಾಲು ಮಾಡುವವರು ಯಾರು? ಎಂಟೊಂಬತ್ತು ಮಂದಿ ಆಡುತ್ತಾರೆ, ಉಳಿದವರು ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಹಾಗೆ ಕುಳಿತವರ ಮನಸ್ಸು ಬೇರೆ ಕಾಲೇಜಿನತ್ತ ಹರಿಯುವುದು ಸಹಜವೇ.

ಆಟಕ್ಕೆ ಸಿಗುವ ಓದು

ಈ ಆಟ ಹುಟ್ಟಿದ್ದೇ ಒಬ್ಬ ಮೇಷ್ಟ್ರ ಕೈಯಲ್ಲಿ. 1891ರ ಡಿಸೆಂಬರಿನಲ್ಲಿ ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ವಿದ್ಯಾರ್ಥಿಗಳನ್ನು ಆಡಿಸಿದರು. ಕಾಲೇಜು ಕ್ರೀಡೆಗಳ ಉಸ್ತುವಾರಿಗೆಂದು 1906ರಲ್ಲಿ ಸ್ಥಾಪನೆಯಾದ ಸಂಸ್ಥೆಯೇ ಇಂದಿನ ಎನ್‌ಸಿಎಎ. ಮನೆಯ ಆರ್ಥಿಕ ಸ್ಥಿತಿ ಹೇಗೇ ಇರಲಿ, ಆಟದ ಯೋಗ್ಯತೆಯೊಂದನ್ನೇ ನೋಡಿ ವಿದ್ಯಾರ್ಥಿವೇತನ ಕೊಡಲು ಅದು 1956ರಲ್ಲಿ ಅನುಮತಿ ನೀಡಿತು.

ಪೂರ್ಣ ವಿದ್ಯಾರ್ಥಿವೇತನವೆಂದರೆ ಬೋಧನಾ ಶುಲ್ಕ, ವಸತಿ, ಊಟ ಮತ್ತು ಪುಸ್ತಕಗಳ ವೆಚ್ಚ. ಆದರೆ ಅದು ನಾಲ್ಕು ವರ್ಷದ ಭರವಸೆಯೆಂದು ತಿಳಿಯುವಂತಿಲ್ಲ. 1973ರಲ್ಲಿ ಎನ್‌ಸಿಎಎ ಅದನ್ನು ಒಂದೊಂದೇ ವರ್ಷಕ್ಕೆ ಸೀಮಿತಗೊಳಿಸಿತು. ಪ್ರತಿ ವರ್ಷ ನವೀಕರಿಸುವುದು ಕಾಲೇಜಿನ ಇಚ್ಛೆಗೆ ಬಿಟ್ಟದ್ದಾಯಿತು. ಹಲವು ವರ್ಷಗಳಿಗೆ ಒಟ್ಟಿಗೆ ಕೊಡಲು ಮತ್ತೆ ಅವಕಾಶ ಸಿಕ್ಕಿದ್ದು 2011ರಲ್ಲಿ. ಎಲ್ಲ ಕಾಲೇಜುಗಳೂ ಕ್ರೀಡಾ ವಿದ್ಯಾರ್ಥಿವೇತನ ಕೊಡುತ್ತವೆಂದಲ್ಲ. ಎನ್‌ಸಿಎಎಯ ಮೂರನೆಯ ಶ್ರೇಣಿಯಲ್ಲಿ ಅದು ಇಲ್ಲವೇ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಮುಂತಾದ ಐವಿ ಲೀಗ್‌ನ ವಿಶ್ವವಿದ್ಯಾಲಯಗಳು ಕುಟುಂಬದ ಅಗತ್ಯ ನೋಡಿ ನೆರವು ನೀಡುತ್ತವೆಯೇ ಹೊರತು ಆಟಕ್ಕೆಂದು ಕೊಡುವುದಿಲ್ಲ.

ತರಬೇತುದಾರನ ಗಣಿತ

ಬೇಸ್‌ಬಾಲ್‌ನಂಥ ಆಟಗಳಲ್ಲಿ ಒಂದು ವಿದ್ಯಾರ್ಥಿವೇತನವನ್ನು ಹಲವರಿಗೆ ಪಾಲು ಮಾಡಬಹುದಿತ್ತು. ಮೊದಲ ಶ್ರೇಣಿಯ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಾಗಿರಲಿಲ್ಲ. ಒಬ್ಬನಿಗೆ ಅರ್ಧ ಕೊಟ್ಟರೂ ಒಂದು ಸೀಟು ತುಂಬಿತೆಂದೇ ಲೆಕ್ಕ. ಪುರುಷರ ತಂಡಕ್ಕೆ 13, ಮಹಿಳೆಯರ ತಂಡಕ್ಕೆ 15 ಸೀಟುಗಳ ಮಿತಿ. ಜಾಣ ತರಬೇತುದಾರರು ಇವನ್ನು ನಾಲ್ಕು ತರಗತಿಗಳಿಗೆ ಹಂಚುತ್ತಿದ್ದರು. ಪ್ರತಿ ವರ್ಷ ಮೂರು ನಾಲ್ಕು ಮಂದಿ ಪದವಿ ಮುಗಿಸಿ ಹೊರಡುತ್ತಾರೆ, ಅಷ್ಟೇ ಮಂದಿ ಪ್ರೌಢಶಾಲೆ ಮುಗಿಸಿ ಬರುತ್ತಾರೆ. ಹಿರಿಯರನ್ನು ನೋಡಿ ಕಿರಿಯರು ಕಲಿಯುತ್ತಾರೆ.

2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿ ಈ ಲೆಕ್ಕವನ್ನೂ ಬದಲಿಸಿತು. ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ 2025-26ರಿಂದ ಸೀಟಿನ ಮಿತಿ ಹೋಗಿ, ತಂಡದಲ್ಲಿ ಒಟ್ಟು 15 ಮಂದಿ ಇರಬಹುದೆಂಬ ಮಿತಿ ಬಂತು. ಹದಿನೈದು ಮಂದಿಗೂ ವಿದ್ಯಾರ್ಥಿವೇತನ ಕೊಡಬಹುದು. ಜೊತೆಗೆ ಆ ವರ್ಷ ಒಂದು ಕಾಲೇಜು ತನ್ನ ಎಲ್ಲ ಕ್ರೀಡಾಪಟುಗಳಿಗೆ ಒಟ್ಟು ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಣ ಹಂಚಲೂ ಅವಕಾಶವಾಯಿತು. ಆದರೆ ಆಟದ ಸಮಯ ಮಾತ್ರ ಹಿಗ್ಗಲಿಲ್ಲ. ಅದು ಅದೇ ಇನ್ನೂರು ನಿಮಿಷ!

ಬಾಗಿಲು ತೆರೆದಾಗ

ಹಿಂದೆ ಕಾಲೇಜು ಬದಲಿಸುವುದು ಸುಲಭವಿರಲಿಲ್ಲ. ಬೇರೆ ತರಬೇತುದಾರರೊಡನೆ ಮಾತನಾಡಲು ಇದ್ದ ಕಾಲೇಜಿನ ಅನುಮತಿ ಬೇಕಿತ್ತು. ಬದಲಿಸಿದ ಮೇಲೂ ಒಂದು ವರ್ಷ ಪಂದ್ಯವಾಡದೆ ಓದಿಕೊಂಡು ಇರಬೇಕಿತ್ತು. 2018ರ ಅಕ್ಟೋಬರಿನಲ್ಲಿ 'ಟ್ರಾನ್ಸ್‌ಫರ್ ಪೋರ್ಟಲ್' ಎಂಬ ಗಣಕೀಕೃತ ಪಟ್ಟಿ ಆರಂಭವಾಯಿತು. ಅದರಲ್ಲಿ ಹೆಸರು ಸೇರಿದ ಮೇಲೆ ಯಾವ ಕಾಲೇಜಿನವರೂ ಆಟಗಾರನನ್ನು ಸಂಪರ್ಕಿಸಬಹುದು. 2021ರಲ್ಲಿ ಒಮ್ಮೆ ಬದಲಿಸಿದವರಿಗೆ ಒಂದು ವರ್ಷ ಕಾಯುವ ಶಿಕ್ಷೆ ತಪ್ಪಿತು. 2024ರಲ್ಲಿ, ಓದು ಸರಿಯಾಗಿದ್ದರೆ ಎಷ್ಟು ಸಲ ಬದಲಿಸಿದರೂ ಕೂಡಲೇ ಆಡಬಹುದೆಂದಾಯಿತು.

ಆಟಗಾರನಿಗೆ ಇದು ನ್ಯಾಯವೇ ಸರಿ. ತರಬೇತುದಾರ ಹೆಚ್ಚಿನ ಸಂಬಳಕ್ಕೆ ಬೇರೆಡೆ ಹೊರಟು ಹೋಗಬಹುದಾದರೆ ವಿದ್ಯಾರ್ಥಿ ಮಾತ್ರ ಏಕೆ ಕಾಯಬೇಕು? ಆದರೆ ಇದರ ಬಿಸಿ ತಟ್ಟಿದ್ದು ಪ್ರೌಢಶಾಲೆಯ ಮಕ್ಕಳಿಗೆ. ಎರಡು ಮೂರು ವರ್ಷ ಕಾಲೇಜಿನಲ್ಲಿ ಆಡಿ ಪಳಗಿದವನೊಬ್ಬ ಸಿಗುವಾಗ, ಹದಿನೆಂಟರ ಹುಡುಗನಿಗೆ ಸೀಟು ಕೊಟ್ಟು ಬೆಳೆಸುವ ತಾಳ್ಮೆ ಎಷ್ಟು ತರಬೇತುದಾರರಿಗಿದ್ದೀತು?

ಬೆಳೆಸಿದವರು, ಬೆಳೆ ಕೊಯ್ದವರು

2025ರ ಏಪ್ರಿಲ್‌ನಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಅಂತಿಮ ಸುತ್ತಿನ ಅತ್ಯುತ್ತಮ ಆಟಗಾರನೆನಿಸಿದ ವಾಲ್ಟರ್ ಕ್ಲೇಟನ್ ತನ್ನ ಮೊದಲ ಎರಡು ವರ್ಷ ಕಳೆದದ್ದು ನ್ಯೂಯಾರ್ಕ್ ರಾಜ್ಯದ ಅಯೋನಾ ಎಂಬ ಸಣ್ಣ ಸಂಸ್ಥೆಯಲ್ಲಿ. ಅವನ ಜೊತೆಗಾರರಾದ ವಿಲ್ ರಿಚರ್ಡ್ ಬೆಲ್ಮಾಂಟ್‌ನಿಂದ, ಅಲೈಜಾ ಮಾರ್ಟಿನ್ ಫ್ಲಾರಿಡಾ ಅಟ್ಲಾಂಟಿಕ್‌ನಿಂದ ಬಂದವರು. ಸಣ್ಣ ಕಾಲೇಜುಗಳು ಸಸಿ ನೆಟ್ಟು ನೀರೆರೆದವು, ದೊಡ್ಡದು ಫಲ ಉಂಡಿತು. ಕ್ಲೇಟನ್‌ನ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ ಆಗಿತ್ತೆಂಬುದರಲ್ಲಿ ಅನುಮಾನವಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ನಿದರ್ಶನ ಝ್ಯಾಕ್ ಈಡಿ. ಕೆನಡಾದ ಟೊರಾಂಟೊದ ಈ ಏಳು ಅಡಿ ನಾಲ್ಕಂಗುಲದ ಹುಡುಗ 2020ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯ ಸೇರಿದ. ಮೊದಲೆರಡು ವರ್ಷ ಅವನಿಗೆ ಸರಾಸರಿ ಅರ್ಧ ಪಂದ್ಯದಷ್ಟು ಸಮಯವೂ ಸಿಗಲಿಲ್ಲ. ಆದರೂ ಕದಲದೆ ಅಲ್ಲೇ ಕಲಿತ. 2023 ಮತ್ತು 2024ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನೆನಿಸಿದ. ಬದಲಿಸಿ ಗೆದ್ದವರೂ ಇದ್ದಾರೆ, ಉಳಿದು ಗೆದ್ದವರೂ ಇದ್ದಾರೆ.

ಕ್ರೆಡಿಟ್‌ಗಳ ಗಂಟು

ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗದ ವಿಷಯವೊಂದಿದೆ. ಅಲ್ಲಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳು ಬೇಕು. 2003ರಲ್ಲಿ ಜಾರಿಗೆ ಬಂದ ನಿಯಮದಂತೆ ಆಟಗಾರ ಎರಡು ವರ್ಷ ಮುಗಿಸುವಾಗ ಪದವಿಯ ಶೇ. 40, ಮೂರಕ್ಕೆ ಶೇ. 60, ನಾಲ್ಕಕ್ಕೆ ಶೇ. 80 ಭಾಗ ಪೂರೈಸಿರಬೇಕು. ಒಬ್ಬ ಹುಡುಗ ಎರಡು ವರ್ಷದಲ್ಲಿ 60 ಕ್ರೆಡಿಟ್ ಗಳಿಸಿ ಬೇರೆ ಕಾಲೇಜಿಗೆ ಹೋದನೆನ್ನೋಣ. ಅಲ್ಲಿನ ಪದವಿಗೆ ಅವುಗಳಲ್ಲಿ 42 ಮಾತ್ರ ಹೊಂದಿಕೆಯಾದರೆ? ಬೇಕಾದದ್ದು 48. ಯಾವ ವಿಷಯದಲ್ಲೂ ಫೇಲಾಗದ ಹುಡುಗ ಅಂಗಳಕ್ಕಿಳಿಯುವಂತಿಲ್ಲ!

ಓದಿನ ನಿರ್ಲಕ್ಷ್ಯಕ್ಕೆ ಕಾಲೇಜುಗಳೂ ದಂಡ ತೆರುತ್ತವೆ. 2011ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡಕ್ಕೆ, ಆಟಗಾರರ ಓದಿನ ಪ್ರಗತಿಯ ಅಂಕ ಕಡಿಮೆಯಾಯಿತೆಂಬ ಕಾರಣಕ್ಕೆ 2013ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಆಡಲು ಅವಕಾಶ ಸಿಗಲಿಲ್ಲ.

ಸಹಿ ಹಾಕುವ ಮುನ್ನ

ಈ ದಾರಿ ಕನ್ನಡ ನಾಡಿನವರಿಗೂ ಹೊಸದಲ್ಲ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ವಿದ್ಯಾರ್ಥಿವೇತನ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಮಹಿಳಾ ತಂಡ ಸೇರಿದರು. ಮುಂದೆ ಹೋಗಬಯಸುವ ಮಕ್ಕಳೂ ಅವರ ತಂದೆತಾಯಂದಿರೂ ಕೆಲವು ಮಾತುಗಳನ್ನು ಬರಹದಲ್ಲೇ ಕೇಳಿ ತಿಳಿಯುವುದು ಒಳ್ಳೆಯದು. ವಿದ್ಯಾರ್ಥಿವೇತನ ಎಷ್ಟು ವರ್ಷಕ್ಕೆ? ಗಾಯವಾದರೆ, ತರಬೇತುದಾರ ಬದಲಾದರೆ ಅದು ಉಳಿಯುತ್ತದೆಯೇ? ಹಿಂದಿನ ಕ್ರೆಡಿಟ್‌ಗಳಲ್ಲಿ ಎಷ್ಟನ್ನು ಪದವಿಗೆ ಒಪ್ಪುತ್ತಾರೆ? ಪೋರ್ಟಲ್‌ಗೆ ಹೆಸರು ಕೊಟ್ಟವರ ನೆರವನ್ನು ಆ ಅವಧಿಯ ಕೊನೆಗೆ ನಿಲ್ಲಿಸುವ ಅಧಿಕಾರ ಹಳೆಯ ಕಾಲೇಜಿಗಿದೆ. ಹೊಸದು ಸಿಗದಿದ್ದರೆ ಎರಡೂ ಇಲ್ಲ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಸಹಪಾಠಿಗಳಂತೆ ಜಾಹೀರಾತಿನಿಂದ ಹಣ ಗಳಿಸಲು ಹೊರಟರೆ ವೀಸಾಕ್ಕೇ ಸಂಚಕಾರ ಬರಬಹುದು.

ಪುರುಷರ ಮೊದಲ ಶ್ರೇಣಿಯಲ್ಲಿ 350ಕ್ಕೂ ಹೆಚ್ಚು ಕಾಲೇಜುಗಳಿವೆ. ತಂಡಕ್ಕೆ ಹದಿಮೂರರಂತೆ ಎಣಿಸಿದರೂ ನಾಲ್ಕೂವರೆ ಸಾವಿರ ಆಟಗಾರರು. ವೃತ್ತಿಪರ ಎನ್‌ಬಿಎ ವರ್ಷಕ್ಕೆ ಹೊಸದಾಗಿ ಆರಿಸಿಕೊಳ್ಳುವುದು ಸುಮಾರು ಅರವತ್ತು ಮಂದಿಯನ್ನು, ಅದರಲ್ಲೂ ಕೆಲವರು ಕಾಲೇಜಿನ ಮುಖವನ್ನೇ ನೋಡದ ಹೊರದೇಶದವರು. ಉಳಿದವರೆಲ್ಲರ ಕೈಯಲ್ಲಿ ಕೊನೆಗೆ ಇರುವುದು ಪದವಿ ಪ್ರಮಾಣಪತ್ರ. ದೂರದ ಬೆಟ್ಟ ನುಣ್ಣಗೆ ಕಂಡಾಗ ಅಲ್ಲಿ ಆಟಕ್ಕೆ ಎಷ್ಟು ನಿಮಿಷ ಸಿಗುತ್ತದೆಂದು ಕೇಳುವ ಮೊದಲು, ಪದವಿ ಯಾವ ವರ್ಷ ಮುಗಿಯುತ್ತದೆಂದು ಕೇಳಬೇಕು.