ಗಾಜಿನ ಮೇಲಿನ ಜಾತಕ

ಎಚ್.ಡಿ. ಕೋಟೆ ಕಡೆಯ ನಮ್ಮ ಸೋದರತ್ತೆಯ ಮನೆಯ ಅಟ್ಟದಿಂದ ಇಳಿಸಿದ ರೇಡಿಯೊಗೆ ಹೆಸರೇ ಇರಲಿಲ್ಲ. ಕಂಪನಿಯ ಬಿಲ್ಲೆ ಯಾವಾಗಲೋ ಕಳಚಿ ಬಿದ್ದಿತ್ತು, ಮಾಡೆಲ್ ನಂಬರಿನ ಚೀಟಿಯನ್ನು ಜಿರಲೆ ತಿಂದಿತ್ತು. ಹಿಂದಿನ ರಟ್ಟು ಬಿಚ್ಚಿದೆ. ಹೆಬ್ಬೆರಳು ಗಾತ್ರದ ನಾಲ್ಕು ವಾಲ್ವ್‌ಗಳು; ಒಂದರ ಗಾಜಿನ ಮೇಲೆ ‘ಡಿಎಲ್ 96’ ಎಂದು ಮಸುಕಾಗಿ ಕಂಡಿತು.

“ಅತ್ತೆ, ಇದನ್ನ ತಂದಾಗ ಮನೆಗೆ ಕರೆಂಟ್ ಬಂದಿರಲಿಲ್ಲ ಅಲ್ವಾ?”

“ಹೂಂ ಮಗಾ, ಆಗೆಲ್ಲಿತ್ತು ಕರೆಂಟು? ಬ್ಯಾಟ್ರಿ ಇಟ್ಕಂಡು ಹಾಡುಸ್ತಿದ್ರು ನಿಮ್ಮಾವ. ನಿಂಗೆಂಗ್ ಗೊತ್ತಾಯ್ತು?”

ಗೊತ್ತಾದದ್ದು ‘ಡಿ’ ಎಂಬ ಒಂದು ಅಕ್ಷರದಿಂದ. ಹಳೆಯ ರೇಡಿಯೊ ಸರಿಮಾಡಲು ಹೊರಟವರು ಮೊದಲು ಸರ್ಕ್ಯೂಟ್ ನಕ್ಷೆಗಾಗಿ ಊರೂರು ಅಲೆಯುತ್ತಾರೆ. ನನ್ನ ಅನುಭವದಲ್ಲಿ ಬೇಕಾದ ಮಾಹಿತಿಯ ಬಹುಪಾಲು ಬಿಡಿಭಾಗಗಳ ಮೈಮೇಲೆಯೇ ಬರೆದಿರುತ್ತದೆ. ಓದುವ ಲಿಪಿ ಕಲಿಯಬೇಕು, ಅಷ್ಟೆ.

ಯೂರೋಪಿನ ಫಿಲಿಪ್ಸ್, ಮುಲ್ಲಾರ್ಡ್ ಕಂಪನಿಗಳು ಈ ಲಿಪಿಯನ್ನು ಬಳಕೆಗೆ ತಂದದ್ದು 1934ರಲ್ಲಿ. ಮರುವರ್ಷವೇ, 1935ರ ಸೆಪ್ಟೆಂಬರ್ 10ರಂದು, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್‌ನಲ್ಲಿ ಪ್ರಸಾರ ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ನಮ್ಮ ಮೈಸೂರು ಜಿಲ್ಲೆಯದು.

ಲಿಪಿ ಹೀಗಿದೆ. ಮೊದಲ ಅಕ್ಷರ ವಾಲ್ವಿನ ಒಳಗಿನ ತಂತಿ ಕಾಯಲು ಬೇಕಾದ ವಿದ್ಯುತ್ತನ್ನು ಹೇಳುತ್ತದೆ. ‘ಇ’ ಎಂದರೆ 6.3 ವೋಲ್ಟ್, ಟ್ರಾನ್ಸ್‌ಫಾರ್ಮರ್ ಇರುವ, ಗೋಡೆಯ ಕರೆಂಟಿನ ಸೆಟ್. ‘ಯು’ ಎಂದರೆ 100 ಮಿಲಿಆಂಪ್. ತಂತಿಗಳನ್ನೆಲ್ಲ ಸರಪಳಿಯಂತೆ ಜೋಡಿಸಿ ಎಸಿ, ಡಿಸಿ ಎರಡರಲ್ಲೂ ಹಾಡಿಸುವ ಸೆಟ್. ಇದರ ತಗಡಿನ ಚಾಸಿಯಲ್ಲೇ ಕರೆಂಟ್ ಇರಬಹುದು, ಬರಿಗೈ ಹಾಕಬಾರದು. ‘ಡಿ’ ಎಂದರೆ 1.4 ವೋಲ್ಟ್, ಬ್ಯಾಟರಿ. ಮುಂದಿನ ಅಕ್ಷರ ಕೆಲಸವನ್ನು ಹೇಳುತ್ತದೆ: ಎ ಡಯೋಡ್, ಸಿ ಟ್ರಯೋಡ್, ಎಫ್ ಪೆಂಟೋಡ್, ಎಲ್ ಸ್ಪೀಕರಿಗೆ ಬಲ ಕೊಡುವ ಔಟ್‌ಪುಟ್ ಪೆಂಟೋಡ್, ಜಡ್ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್. ಅಂಕಿಯಲ್ಲಿ ಕಾಲುಗಳ ಲೆಕ್ಕವಿದೆ. 80ರ ಸಾಲಿನದಕ್ಕೆ ಒಂಬತ್ತು ಕಾಲು, 90ರ ಸಾಲಿನದಕ್ಕೆ ಏಳು.

ಅತ್ತೆಯ ಸೆಟ್ಟಿನಲ್ಲಿದ್ದವು ಡಿಕೆ 96, ಡಿಎಫ್ 96, ಡಿಎಎಫ್ 96, ಡಿಎಲ್ 96. ಮೊದಲ ಮೂರಕ್ಕೆ ತಲಾ 25 ಮಿಲಿಆಂಪ್, ಕೊನೆಯದಕ್ಕೆ 50, ಒಟ್ಟು 125. ಅಂದರೆ ಇಡೀ ರೇಡಿಯೊದ ತಂತಿಗಳು ಕಾಯಲು ಸುಮಾರು 0.175 ವ್ಯಾಟ್ ಸಾಕು. ಕರೆಂಟಿನ ಸೆಟ್ಟಿನ ಇಎಲ್ 84 ಒಂದೇ ತನ್ನ ತಂತಿಗೆ 4.8 ವ್ಯಾಟ್ ತಿನ್ನುತ್ತದೆ, ಇಪ್ಪತ್ತೇಳು ಪಟ್ಟು. ಬ್ಯಾಟರಿ ಮುಗಿದರೆ ಪೇಟೆಗೇ ಹೋಗಬೇಕಿದ್ದ ಮನೆಗಳಿಗೆ ಈ ವಾಲ್ವ್‌ಗಳು ಎಂಥ ಉಪಕಾರ ಮಾಡಿದವು ಎಂಬುದು ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದ ಮೇಲೆ.

ಹುಣಸೂರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರು ತಮ್ಮ ನೋಟ್ ಪುಸ್ತಕ ತೋರಿಸಿದ್ದರು. ಅದರಲ್ಲಿ ಎರಡು ಸಾಲು: ಎಡಕ್ಕೆ ಅಮೆರಿಕದ ಹೆಸರು, ಬಲಕ್ಕೆ ಯೂರೋಪಿನದು. 6ಬಿಕ್ಯೂ5 ಎಂದರೆ ಇಎಲ್ 84, 12ಎಎಕ್ಸ್7 ಎಂದರೆ ಇಸಿಸಿ 83, 1ಆರ್5 ಎಂದರೆ ಡಿಕೆ 91. ಒಂದೇ ವಾಲ್ವಿಗೆ ಎರಡು ಹೆಸರು. ಅಮೆರಿಕದ ಹೆಸರಿನಲ್ಲೂ ಮೊದಲ ಅಂಕಿ ಹೆಚ್ಚುಕಡಿಮೆ ವೋಲ್ಟೇಜೇ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೊ ವಾಲ್ವ್ ತಯಾರಿಸಿದಾಗಲೂ ಇದೇ ಹೆಸರುಗಳನ್ನಿಟ್ಟಿತು. ಹಾಗಾಗಿ ವಿದೇಶಿ ಸೆಟ್ಟಿಗೆ ಬೆಂಗಳೂರಿನ ವಾಲ್ವ್ ಹಾಕಿದರೆ ಸಲೀಸಾಗಿ ಹಾಡುತ್ತಿತ್ತು. ಅಚ್ಚಾದ ಆಕರಗಳೂ ಉಂಟು: ಆರ್‌ಸಿಎ, ಮುಲ್ಲಾರ್ಡ್ ಕಂಪನಿಗಳ ವಾಲ್ವ್ ಕೈಪಿಡಿಗಳು, ಜಾನ್ ರೈಡರ್ 1931ರಲ್ಲಿ ಶುರುಮಾಡಿದ ಸರ್ಕ್ಯೂಟ್ ಸಂಪುಟಗಳು. ಆದರೆ ಹೆಸರು ಗೊತ್ತಾದ ಮೇಲಷ್ಟೇ ಪುಸ್ತಕ ಉಪಯೋಗಕ್ಕೆ ಬರುವುದು.

ಹೆಸರೇ ಅಳಿಸಿಹೋಗಿದ್ದರೆ? ಕೆ.ಆರ್. ನಗರದಿಂದ ಬಂದ ಸೆಟ್ಟೊಂದರಲ್ಲಿ ಹಾಗಾಗಿತ್ತು. ಧೂಳೆಂದು ಯಾರೋ ಬಟ್ಟೆಯಿಂದ ಒರೆಸಿದ್ದರು, ಧೂಳಿನ ಜೊತೆ ಅಕ್ಷರವೂ ಹೋಗಿತ್ತು. ದಯವಿಟ್ಟು ವಾಲ್ವಿನ ಗಾಜನ್ನು ಒರೆಸಬೇಡಿ. ಬದಲಿಗೆ ಬಾಯಿಂದ ಹಬೆ ಊದಿ ಓರೆಯಾಗಿ ನೋಡಿ. ಅಕ್ಷರವಿದ್ದ ಜಾಗದಲ್ಲಿ ಇಬ್ಬನಿ ಬೇರೆ ಥರ ಕೂರುತ್ತದೆ, ಕೆಲವೊಮ್ಮೆ ಹೆಸರು ಒಂದು ಕ್ಷಣ ಎದ್ದು ಕಂಡು ಮಾಯವಾಗುತ್ತದೆ. ಗಾಜಿನ ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಚಿದ್ದರೆ ಒಳಗೆ ಗಾಳಿ ಹೊಕ್ಕಿದೆ ಎಂದರ್ಥ. ಅದರ ಹೆಸರು ಹುಡುಕಿಯೂ ಫಲವಿಲ್ಲ, ಅದು ಕೆಲಸ ಮಾಡುವುದಿಲ್ಲ.

ಆ ಸೆಟ್ಟಿನಲ್ಲಿ ಹಬೆಗೂ ಏನೂ ಕಾಣಲಿಲ್ಲ. ಆಗ ವಾಲ್ವನ್ನು ಬಿಟ್ಟು ಅದು ಕೂತ ಜಾಗವನ್ನು ಓದಿದೆ. ಕಾಲುಗಳನ್ನು ಕೆಳಗಿನಿಂದ ನೋಡುತ್ತ, ನಡುವಿನ ಖಾಲಿ ಜಾಗದಿಂದ ಗಡಿಯಾರದ ಮುಳ್ಳಿನಂತೆ ಎಣಿಸಬೇಕು. 4 ಮತ್ತು 5ರ ನಡುವೆ ಮೀಟರು ತೀರಾ ಕಡಿಮೆ ಓಂ ತೋರಿಸಿತು: ಕಾಯುವ ತಂತಿ ಅಲ್ಲಿದೆ. 7ರಿಂದ ಹೊರಟ ತಂತಿ ಸ್ಪೀಕರಿನ ಟ್ರಾನ್ಸ್‌ಫಾರ್ಮರಿಗೆ ಹೋಗಿತ್ತು: ಇದು ಔಟ್‌ಪುಟ್ ವಾಲ್ವ್. 3ರಿಂದ ಚಾಸಿಗೆ 135 ಓಂ ಆಸುಪಾಸಿನ ರೆಸಿಸ್ಟರ್. ಇವೆಲ್ಲ ಸೇರಿದರೆ ಇಎಲ್ 84.

ಇಲ್ಲಿ ಓಂ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ. ಆ ರೆಸಿಸ್ಟರಿನ ಮೇಲೆ 7.3 ವೋಲ್ಟ್ ಇದ್ದರೆ ವಾಲ್ವಿನಲ್ಲಿ ಸುಮಾರು 54 ಮಿಲಿಆಂಪ್ ಹರಿಯುತ್ತಿದೆ, ಆರೋಗ್ಯ ಸರಿಯಾಗಿದೆ. 10 ವೋಲ್ಟ್ ಕಂಡರೆ 74 ಮಿಲಿಆಂಪ್. ಹಿಂದಿನ ಹಂತದಿಂದ ಬರುವ ಕಾಗದದ ಕಂಡೆನ್ಸರ್ ಸೋರುತ್ತಿರಬಹುದು. ಅದನ್ನು ಬದಲಿಸದೆ ಹಾಡಿಸುತ್ತಲೇ ಇದ್ದರೆ ಟ್ರಾನ್ಸ್‌ಫಾರ್ಮರು ಸುಟ್ಟೀತು.

ಎಲ್ಲ ಬಿಡಿಭಾಗಕ್ಕೂ ಹೀಗೆ ಹೆಸರಿರುವುದಿಲ್ಲ. ಐ.ಎಫ್. ಕಾಯಿಲಿನ ಡಬ್ಬಿಯ ಮೇಲೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ರೇಡಿಯೊ ತಾನು ಹಿಡಿದ ನಿಲಯದ ಅಲೆಗೆ ತನ್ನೊಳಗೆ ಹುಟ್ಟಿದ ಅಲೆಯೊಂದನ್ನು ಬೆರೆಸಿ, ಎರಡರ ವ್ಯತ್ಯಾಸವನ್ನು ಮಾತ್ರ ಮುಂದಕ್ಕೆ ಕಳಿಸುತ್ತದೆ. ಆ ವ್ಯತ್ಯಾಸವೇ ಐ.ಎಫ್. ಅದನ್ನು ತಿಳಿಯಲು ಇನ್ನೊಂದು ರೇಡಿಯೊ ಸಾಕು. ಹಳೆಯ ಸೆಟ್ಟಿನ ಮುಳ್ಳನ್ನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಇಡಿ. ಡಯಲಿನಲ್ಲಿ ಅಲೆಯ ಉದ್ದ ಮೀಟರಿನಲ್ಲಿದ್ದರೆ 490. ಪಕ್ಕದಲ್ಲಿ ಇನ್ನೊಂದು ರೇಡಿಯೊವನ್ನು ಮೇಲೆ ತಿರುಗಿಸುತ್ತ ಹೋದರೆ ಒಂದು ಕಡೆ ಅದರ ಗೊರಗೊರ ತಟ್ಟನೆ ನಿಲ್ಲುತ್ತದೆ, ಅಥವಾ ಅಲ್ಲಿರುವ ನಿಲಯದ ಮೇಲೆ ಶಿಳ್ಳೆ ಕೇಳುತ್ತದೆ. ಹಳೆಯ ಸೆಟ್ಟು ಹೊರಗೆ ಸೋರಿಸುತ್ತಿರುವ ಅಲೆ ಅದು. ಆ ಜಾಗ 1067 ಆದರೆ, 612 ಕಳೆದು ಉಳಿದ 455 ನಿಮ್ಮ ಐ.ಎಫ್.

ಟ್ರಾನ್ಸಿಸ್ಟರುಗಳ ಹೆಸರಿನಲ್ಲೂ ಇದೇ ವಂಶಾವಳಿ ಮುಂದುವರಿಯಿತು. ಒಸಿ 71ರ ‘ಒ’ ಎಂದರೆ ಕಾಯುವ ತಂತಿ ಇಲ್ಲ, ಸೊನ್ನೆ. ಆಮೇಲಿನ ಎಸಿ 128ರಲ್ಲಿ ‘ಎ’ ಎಂದರೆ ಜರ್ಮೇನಿಯಂ. ಪಿರಿಯಾಪಟ್ಟಣದಿಂದ ಬಂದ, ಹೊಗೆಸೊಪ್ಪಿನ ಬ್ಯಾರನ್ನಿನ ಮಸಿ ಹಿಡಿದ ಸೆಟ್ಟೊಂದರಲ್ಲಿ ಎಎಫ್ 117 ಸತ್ತಿತ್ತು. ಈ ಜಾತಿಯ ಕಾಯಿಲೆ ವಿಚಿತ್ರ. ಲೋಹದ ಡಬ್ಬಿಯ ಒಳಗೋಡೆಯಿಂದ ತವರದ ಎಳೆಗಳು ಕೂದಲಿಗಿಂತ ಸಣ್ಣಗೆ ತಾವಾಗಿ ಬೆಳೆದು ಒಳಗಿನ ಭಾಗಕ್ಕೆ ತಾಗುತ್ತವೆ. ಇದರ ನಾಲ್ಕು ಕಾಲುಗಳಲ್ಲಿ ಒಂದು ಆ ಡಬ್ಬಿಯದು. ಅದನ್ನು ಕತ್ತರಿಸಿದರೆ ಎಷ್ಟೋ ಸಲ ಸೆಟ್ಟು ಮತ್ತೆ ಹಾಡುತ್ತದೆ. ನಮ್ಮದು ಹಾಡಿತು.

ಅತ್ತೆಯ ರೇಡಿಯೊಗೆ ಬೇಕಾದ 90 ವೋಲ್ಟಿನ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. 9 ವೋಲ್ಟಿನ ಹತ್ತನ್ನು ಸಾಲಾಗಿ ಜೋಡಿಸಿದೆ. ತಂತಿಗಳಿಗೆ ಒಂದು ದಪ್ಪ ಟಾರ್ಚ್ ಸೆಲ್. ಎರಡನ್ನೂ ಸಿಕ್ಕಿಸುವ ಮೊದಲು ಮೀಟರು ಹಿಡಿದು ಮೂರು ಸಲ ನೋಡಿದೆ. ಅದಲುಬದಲಾದರೆ 1.4 ವೋಲ್ಟಿನ ನಾಲ್ಕು ತಂತಿಗಳೂ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಪ್ರತಿ ವಾಲ್ವಿನ ಹೆಸರು, ಪ್ರತಿ ಕಾಲಿನ ವೋಲ್ಟೇಜು, ಬ್ಯಾಟರಿಯ ಪ್ಲಸ್ ಯಾವ ಕಡೆ ಎಂಬುದನ್ನು ಒಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಹಿಂದಿನ ರಟ್ಟಿನ ಒಳಮೈಗೆ ಅಂಟಿಸಿದ್ದೇನೆ. ಅಂಟಿಗೆ ಜಿರಲೆ ಬಾರದಂತೆ ಅತ್ತೆ ಅದರ ಮೇಲೆ ಒಂದಿಷ್ಟು ಬೇವಿನೆಣ್ಣೆ ಸವರಿದರು.