ಸಿಡಿದ ಚುಕ್ಕಿಯೆಲ್ಲ ಸಾಯುವುದಿಲ್ಲ

ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಹಾಸಿಗೆ ಹಾಸಿ ಮಲಗುವ ಮಲ್ಲಟ ಊರಿನ ಕಡೆಯವರಿಗೆ ಆಕಾಶ ಹೊಸದಲ್ಲ. ಸರ್ರನೆ ಗೆರೆ ಎಳೆದು ಬೆಳಕೊಂದು ಮಾಯವಾದರೆ, "ಚುಕ್ಕಿ ಬಿತ್ತು, ಯಾರೋ ದೊಡ್ಡವರು ಹೋದ್ರು" ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. ಬಿದ್ದದ್ದು ಚುಕ್ಕಿಯಲ್ಲ, ನಮ್ಮ ಗಾಳಿಗೆ ನುಗ್ಗಿ ಉರಿದುಹೋದ ಕಲ್ಲಿನ ಚೂರು. ಇಷ್ಟು ಶಾಲೆ ಹುಡುಗರಿಗೂ ಗೊತ್ತು. ಆದರೆ ಓದಿದವರಲ್ಲೇ ಗಟ್ಟಿಯಾಗಿ ಕೂತಿರುವ ಇನ್ನೊಂದು ನಂಬಿಕೆ ಇದೆ: ನಕ್ಷತ್ರ ಸಿಡಿಯಿತು ಎಂದರೆ ಅದರ ಕಥೆ ಮುಗಿಯಿತು.

ಕಥೆ ಮುಗಿಸುವ ಸ್ಫೋಟಕ್ಕೆ ಸೂಪರ್‌ನೋವಾ ಎನ್ನುತ್ತಾರೆ. ಅದು ಅಪರೂಪ. ಪಕ್ಕದ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾದಲ್ಲಿ ಮನುಷ್ಯರು ಕಂಡ ಸೂಪರ್‌ನೋವಾ ಒಂದೇ ಒಂದು, 1885ರಲ್ಲಿ. ನೋವಾ ಎಂಬ ಸ್ಫೋಟ ಹಾಗಲ್ಲ. ಅದೇ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಸುಮಾರು 65 ನೋವಾ ಸಿಡಿಯುತ್ತವೆ ಎಂಬ ಅಂದಾಜಿದೆ. ನೋವಾದಲ್ಲಿ ಇರುವುದು ಜೋಡಿ ನಕ್ಷತ್ರ. ಒಂದು ಶ್ವೇತಕುಬ್ಜ: ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು, ತೂಕ ಸೂರ್ಯನ ಹತ್ತಿರದ್ದು. ಜೊತೆಗಾರ ನಕ್ಷತ್ರದಿಂದ ಹೈಡ್ರೋಜನ್ ಸೆಳೆದು ಅದು ತನ್ನ ಮೈಮೇಲೆ ಪೇರಿಸಿಕೊಳ್ಳುತ್ತದೆ. ಪದರ ದಪ್ಪವಾಗಿ, ಒತ್ತಿ, ಕಾದು, ಒಂದು ದಿನ ಪರಮಾಣು ಬೆಂಕಿ ಹತ್ತುತ್ತದೆ. ಸಿಡಿಯುವುದು ಮೇಲಿನ ಪದರ ಮಾತ್ರ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದರೂ ಪಾತ್ರೆ ಉಳಿಯುತ್ತದಲ್ಲ, ಹಾಗೆ. ಪಾತ್ರೆ ಮತ್ತೆ ತುಂಬುತ್ತದೆ, ಮತ್ತೆ ಉಕ್ಕುತ್ತದೆ.

ಸಾಮಾನ್ಯವಾಗಿ ಹೀಗೆ ಮತ್ತೆ ತುಂಬಲು ಸಾವಿರಾರು ವರ್ಷ ಬೇಕು. ಆದರೆ ಆಂಡ್ರೊಮಿಡಾದಲ್ಲಿ ಎಂ31ಎನ್ 2008-12ಎ ಎಂಬ ಹೆಸರಿನದೊಂದಿದೆ, ಅದು ಹೆಚ್ಚುಕಡಿಮೆ ಪ್ರತಿ ವರ್ಷ ಸಿಡಿಯುತ್ತದೆ. 2008ರ ಡಿಸೆಂಬರಿನಲ್ಲಿ ಅದನ್ನು ಮೊದಲು ಹಿಡಿದವರು ಜಪಾನಿನ ಇಬ್ಬರು ಹವ್ಯಾಸಿಗಳು. ಅದರ ಶ್ವೇತಕುಬ್ಜ ಚಂದ್ರಶೇಖರ್ ಮಿತಿಯ, ಎಂದರೆ ಶ್ವೇತಕುಬ್ಜ ತಾಳಬಲ್ಲ ಗರಿಷ್ಠವಾದ, ಸೂರ್ಯನ ಸುಮಾರು 1.4 ಪಟ್ಟು ತೂಕದ, ಅಂಚಿಗೆ ಬಂದು ನಿಂತಿದೆ. ಹಾಗಾಗಿ ಸ್ವಲ್ಪವೇ ಹೈಡ್ರೋಜನ್ ಸಾಕು, ಸಿಡಿಯುತ್ತದೆ. ಎರಡೇ ದಿನದಲ್ಲಿ ಹೊಳಪು ಆರನೇ ಒಂದು ಪಾಲಿಗೆ ಇಳಿದುಬಿಡುತ್ತದೆ. ಬರಿಗಣ್ಣಿಗೆ ಕಾಣುವ ಅತಿ ಮಸುಕಾದ ಚುಕ್ಕಿಗಿಂತ ಅದು ಲಕ್ಷ ಪಟ್ಟು ಮಸುಕು. ಹೀಗೆ ಉಕ್ಕುತ್ತ ಉಕ್ಕುತ್ತಲೇ ತೂಕ ಕೂಡಿಸಿಕೊಂಡರೆ ಮುಂದೊಂದು ದಿನ ಇದೇ ಶ್ವೇತಕುಬ್ಜ ಸೂಪರ್‌ನೋವಾ ಆದೀತು. ಮಸುಕಾದದ್ದು ಕ್ಷುಲ್ಲಕ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ತಪ್ಪು ಕಲ್ಪನೆ ಜನಸಾಮಾನ್ಯರದ್ದು ಮಾತ್ರ ಎಂದುಕೊಳ್ಳಬೇಡಿ. ಜೋರಾಗಿ ಬೆಳಗುವ ನೋವಾ ಬೇಗ ಆರುತ್ತದೆ, ಮಸುಕಾದದ್ದು ನಿಧಾನವಾಗಿ ಆರುತ್ತದೆ ಎಂಬ ನಿಯಮವನ್ನು ಖಗೋಳ ವಿಜ್ಞಾನಿಗಳೇ ಬಹುಕಾಲ ನಂಬಿದ್ದರು. ಅದರ ಮೇಲೆ ಗ್ಯಾಲಕ್ಸಿಗಳ ದೂರ ಅಳೆದದ್ದೂ ಉಂಟು. ಇಂದೋರ್ ಮೂಲದ ಮಾನ್ಸಿ ಕಾಸ್ಲಿವಾಲ್ ಮತ್ತು ಸಂಗಡಿಗರು ಅಮೆರಿಕದ ಪಾಲೋಮಾರ್‌ನ 60 ಇಂಚಿನ ದೂರದರ್ಶಕದಿಂದ ಹತ್ತಿರದ ಗ್ಯಾಲಕ್ಸಿಗಳನ್ನು ಬಿಡದೆ ನೋಡಿದರು. ಮಸುಕಾಗಿಯೂ ಇರುವ, ಬೇಗ ಆರಿಯೂ ಹೋಗುವ ನೋವಾಗಳು ಸಿಕ್ಕವು. 2011ರಲ್ಲಿ ಅದು ಪ್ರಕಟವಾಯಿತು. ಅಂಥವು ಮೊದಲೂ ಇದ್ದವು. ವಾರಕ್ಕೊಮ್ಮೆ ಹೊಲಕ್ಕೆ ಹೋಗುವವನಿಗೆ ನಡುವೆ ಬಂದು ಮೇಯ್ದು ಹೋದ ದನ ಕಾಣುವುದಿಲ್ಲ.

"ಇದಕ್ಕೆಲ್ಲ ಭಾರಿ ದೂರದರ್ಶಕ ಬೇಕು, ನಮ್ಮಲ್ಲೆಲ್ಲಿ?" ಎಂಬ ಮಾತೂ ಕೇಳುತ್ತೇನೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಗ್ರೋತ್-ಇಂಡಿಯಾ ದೂರದರ್ಶಕವಿದೆ. ಕನ್ನಡಿಯ ಅಗಲ ಬರೀ 70 ಸೆಂಟಿಮೀಟರ್. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ಐಐಟಿ ಬಾಂಬೆ ಸೇರಿ ನಿಲ್ಲಿಸಿದ್ದು. 2018ರಿಂದ ತಾನೇ ತಿರುಗಿ ನೋಡುತ್ತದೆ. ಅಮೆರಿಕದಲ್ಲಿ ಹಗಲಾದಾಗ ನಮ್ಮಲ್ಲಿ ರಾತ್ರಿ; ಎರಡು ದಿನದ ಸ್ಫೋಟಕ್ಕೆ ಈ ಪಾಳಿ ಕಾವಲೇ ಮುಖ್ಯ. ಪಕ್ಕದಲ್ಲೇ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಜಿ.ಸಿ. ಅನುಪಮಾ ಅವರಂಥ ವಿಜ್ಞಾನಿಗಳು ಆ 12ಎ ನೋವಾದ ಬೆಳಕನ್ನು ಬಿಡಿಸಿ ಓದಿದ್ದು ಈ ಕಣ್ಣಿನಿಂದಲೇ.

ಹುಡುಕುವ ಬಗೆ ಸರಳ. ಇಂದಿನ ಚಿತ್ರದಿಂದ ಹಳೆಯ ಚಿತ್ರವನ್ನು ಕಳೆಯಬೇಕು. ಎರಡರಲ್ಲೂ ಇದ್ದ ಚುಕ್ಕಿಗಳೆಲ್ಲ ಅಳಿಸಿಹೋಗಿ, ಹೊಸದು ಮಾತ್ರ ಬೂದು ಪರದೆಯ ಮೇಲೆ ಉಳಿಯುತ್ತದೆ. ಅದು ಹಾದುಹೋಗುವ ಕ್ಷುದ್ರಗ್ರಹವೂ ಆಗಿರಬಹುದು, ಕ್ಯಾಮೆರಾಕ್ಕೆ ಬಡಿದ ಕಾಸ್ಮಿಕ್ ಕಿರಣದ ಕಲೆಯೂ ಆಗಿರಬಹುದು. ಅದಕ್ಕೇ ಇನ್ನೊಂದು ಚಿತ್ರ ತೆಗೆಯುತ್ತಾರೆ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದ ಗಾಜಿನ ಫಲಕದಲ್ಲಿ ಒಂದು ಚುಕ್ಕಿಗೆ ನೋವಾ ಎಂದು 'ಎನ್' ಗುರುತು ಹಾಕಿದ್ದರು. ಹಳೆಯ ಫಲಕಗಳನ್ನು ಹೋಲಿಸಿದ ಮೇಲೆ ಅದನ್ನು ಹೊಡೆದುಹಾಕಿ, ಹೊಳಪು ಬದಲಿಸುವ ನಕ್ಷತ್ರ ಎಂದು ಬರೆದರು. ಅಂಥ ನಕ್ಷತ್ರದಿಂದ ದೂರ ಅಳೆಯಬಹುದಾದ್ದರಿಂದ, ಆಂಡ್ರೊಮಿಡಾ ನಮ್ಮ ಗ್ಯಾಲಕ್ಸಿಯ ಆಚೆಗಿದೆ ಎಂದು ಜಗತ್ತಿಗೆ ಗೊತ್ತಾದದ್ದು ಆ ತಿದ್ದುಪಡಿಯಿಂದ.

ಇನ್ನು ಆಂಡ್ರೊಮಿಡಾದಲ್ಲಿ ಇಂದು ಕಂಡ ಸ್ಫೋಟ ಇಂದು ನಡೆದದ್ದಲ್ಲ. ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷವಾಗಿದೆ.

ಹತ್ತಿ ಬಿಡಿಸುವ ನವೆಂಬರಿನಲ್ಲಿ, ಚಂದ್ರನಿಲ್ಲದ ರಾತ್ರಿ ಎಂಟರ ಹೊತ್ತಿಗೆ ಮಾಳಿಗೆಯ ದೀಪ ಆರಿಸಿ ಮೇಲೆ ನೋಡಿ. ಪೂರ್ವಾಭಾದ್ರ, ಉತ್ತರಾಭಾದ್ರದ ಚುಕ್ಕಿಗಳು ಮಂಚದ ನಾಲ್ಕು ಕಾಲಿನಂತೆ ನೆತ್ತಿಯ ಹತ್ತಿರ ಇರುತ್ತವೆ. ಅಲ್ಲಿಂದ ಈಶಾನ್ಯಕ್ಕೆ ಕಣ್ಣು ಹಾಯಿಸಿದರೆ ಹತ್ತಿಯ ಎಳೆಯಂಥ ಮಸುಕು ಕಾಣುತ್ತದೆ. ಅದೇ ಆಂಡ್ರೊಮಿಡಾ. ನೋವಾ ಬರಿಗಣ್ಣಿಗೆ ಕಾಣದು, ಆದರೆ ಅವು ಸಿಡಿಯುವ ಊರನ್ನು ಮಕ್ಕಳಿಗೆ ತೋರಿಸಿ.