ಯಂತ್ರ ಯಂತ್ರಗಳ ನಡುವಣ ವ್ಯವಹಾರ: ಕಾರು ಜೋಡಣಾ ಸಾಲಿನ ಸಂಪರ್ಕಜಾಲವೂ ನಮ್ಮ ಸಣ್ಣ ಉದ್ದಿಮೆಗಳೂ

ಹಾವೇರಿ ಜಿಲ್ಲೆಯಲ್ಲಿ ಕಾರು ತಯಾರಿಸುವ ಕಾರ್ಖಾನೆ ಒಂದೂ ಇಲ್ಲ. ಆದರೂ ಈ ಲೇಖನವನ್ನು ಕಾರು ಕಾರ್ಖಾನೆಯಿಂದಲೇ ಆರಂಭಿಸಬೇಕಾಗಿದೆ. ರಾಣೆಬೆನ್ನೂರಿನ ಬೀಜ ಸಂಸ್ಕರಣಾ ಘಟಕಗಳಿಗಾಗಲಿ, ಬ್ಯಾಡಗಿಯ ಖಾರದಪುಡಿ ಗಿರಣಿ ಮತ್ತು ಕೋಲ್ಡ್ ಸ್ಟೋರೇಜ್‌ಗಳಿಗಾಗಲಿ ಈಚೆಗೆ ಬಂದು ಸೇರುತ್ತಿರುವ ಹೊಸ ಯಂತ್ರಗಳ ಪ್ಯಾನೆಲ್ ತೆರೆದು ನೋಡಿದರೆ, ಒಳಗಿರುವ ತಂತ್ರವು ಬಹುಮಟ್ಟಿಗೆ ಮೋಟಾರು ವಾಹನ ಉದ್ದಿಮೆಯ ಅಗತ್ಯಗಳಿಂದ ಹುಟ್ಟಿ ಬೆಳೆದದ್ದೆಂಬುದು ತಿಳಿಯುತ್ತದೆ. ಆ ತಂತ್ರವನ್ನು ಕೊಳ್ಳುವವರು ನಾವು. ಅದು ಕೆಟ್ಟು ನಿಂತಾಗ ನಷ್ಟ ಅನುಭವಿಸುವವರೂ ನಾವೇ. ಆದುದರಿಂದ ಅದರ ಮೂಲ ಲಕ್ಷಣಗಳನ್ನು ತಿಳಿದಿರುವುದು ವರ್ತಕರಿಗೂ ಉದ್ದಿಮೆದಾರರಿಗೂ ಲಾಭದಾಯಕವೇ ಸರಿ.

ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಉದಾಹರಣೆ ಬಿಡದಿಯದು. ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲಿರುವ ಈ ಊರಿನಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1997ರಲ್ಲಿ ಸ್ಥಾಪನೆಗೊಂಡು, 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್ ವಾಹನದ ತಯಾರಿಕೆಯನ್ನು ಆರಂಭಿಸಿತು. ಎರಡನೆಯ ಘಟಕವು 2010ರಲ್ಲಿ ಕೆಲಸಕ್ಕೆ ತೊಡಗಿತು. ನಮಗೆ ಇನ್ನೂ ಹತ್ತಿರದಲ್ಲಿ, ಧಾರವಾಡದ ಬಳಿ, ಟಾಟಾ ಸಮೂಹದ ವಾಹನ ಘಟಕಗಳಿವೆ. ಬೆಳಗಾವಿ ಮತ್ತು ಶಿವಮೊಗ್ಗದ ಫೌಂಡ್ರಿಗಳ ಎರಕದ ಭಾಗಗಳೂ ಇಂತಹ ಸಾಲುಗಳತ್ತಲೇ ಸಾಗುತ್ತವೆ.

ಸಾಲಿನೊಳಗೆ ನಡೆಯುವುದೇನು?

ಕಾರಿನ ಒಡಲು ಬೆಸುಗೆ ವಿಭಾಗದಲ್ಲಿ ರೂಪುಗೊಂಡು, ಬಣ್ಣದ ವಿಭಾಗವನ್ನು ದಾಟಿ, ಜೋಡಣಾ ಸಾಲಿಗೆ ಬರುತ್ತದೆ. ಪ್ರತಿಯೊಂದು ಠಾಣೆಯಲ್ಲಿ ಅದು ನಿಲ್ಲುವ ಕಾಲ ಬಹಳ ಅಲ್ಪ; ಒಂದೆರಡು ನಿಮಿಷಗಳ ಲೆಕ್ಕ. ಆ ಅವಧಿಯಲ್ಲಿ ಒಡಲು ಸರಿಯಾದ ಜಾಗಕ್ಕೆ ಬಂದಿದೆಯೇ ಎಂದು ಸಂವೇದಕಗಳು ಹೇಳಬೇಕು, ಹಿಡಿಕೆಗಳು ಬಿಗಿಯಬೇಕು, ರೋಬಾಟು ಬೆಸುಗೆ ಹಾಕಬೇಕು. ಅಕ್ಕಪಕ್ಕದ ಎರಡು ರೋಬಾಟುಗಳ ತೋಳುಗಳು ಒಂದೇ ಜಾಗಕ್ಕೆ ಚಾಚುವ ಸಂದರ್ಭವಿದ್ದರೆ, ಒಂದು ಹಿಂದಕ್ಕೆ ಸರಿದು ಅನುಮತಿ ಕೊಟ್ಟ ಮೇಲೆಯೇ ಮತ್ತೊಂದು ಮುಂದಡಿಯಿಡಬೇಕು. ಬಂದಿರುವ ಒಡಲು ಯಾವ ಮಾದರಿಯದು, ಬಲಗೈ ಚಾಲನೆಯದೋ ಎಡಗೈಯದೋ ಎಂಬ ಮಾಹಿತಿಯೂ ಅದರ ಜೊತೆಯಲ್ಲೇ ಸಾಗಬೇಕು. ಕೊನೆಗೆ ಚಕ್ರದ ನಟ್ಟನ್ನು ಎಷ್ಟು ಬಲದಿಂದ ಬಿಗಿಯಲಾಯಿತೆಂಬುದೂ ದಾಖಲಾಗುತ್ತದೆ.

ಈ ಕೆಲಸಗಳನ್ನೆಲ್ಲ ಹಿಂದೆ ರಿಲೇಗಳಿಂದ ತುಂಬಿದ ಗೋಡೆಯಗಲದ ಪ್ಯಾನೆಲ್‌ಗಳು ನಿರ್ವಹಿಸುತ್ತಿದ್ದವು. ಕಾರಿನ ಮಾದರಿ ಬದಲಾದಾಗಲೆಲ್ಲ ತಂತಿಗಳನ್ನು ಬಿಚ್ಚಿ ಕಟ್ಟಬೇಕಾಗಿತ್ತು. ಇದರಿಂದ ಬೇಸತ್ತ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗವು 1968ರಲ್ಲಿ ಬದಲಿ ಸಾಧನವನ್ನು ಬಯಸಿತು; ಮರುವರ್ಷ ಮಾಡಿಕಾನ್ ಸಂಸ್ಥೆಯ 084 ಎಂಬ ಸಾಧನ ಬಂದಿತು. ಇಂದು ನಮ್ಮ ಪ್ಯಾಕಿಂಗ್ ಯಂತ್ರಗಳಲ್ಲಿಯೂ ಇರುವ ಪಿ.ಎಲ್.ಸಿ.ಗೆ ಮೂಲ ಅದೇ. ತಂತಿ ಬಿಚ್ಚುವ ಬದಲು ಪ್ರೋಗ್ರಾಂ ಬದಲಿಸಿದರೆ ಸಾಕಾಯಿತು. ಆದರೆ ಪ್ರತಿ ಸಂವೇದಕದಿಂದ ಪಿ.ಎಲ್.ಸಿ.ವರೆಗೆ ಒಂದೊಂದು ಜೋಡಿ ತಂತಿ ಎಳೆಯುವ ಕಷ್ಟ ಮಾತ್ರ ಉಳಿಯಿತು. ಸಾವಿರಾರು ಸಂಕೇತಗಳಿದ್ದಲ್ಲಿ ತಂತಿಯ ಕಟ್ಟುಗಳೇ ಒಂದು ಹೊರೆ. ಎಲ್ಲ ಸಾಧನಗಳೂ ಒಂದೇ ಕೇಬಲಿನ ಮೇಲೆ ಸರದಿಯಂತೆ ಮಾತನಾಡಲಿ ಎಂಬ ವಿಚಾರ ಬಂದದ್ದು ಈ ಕಾರಣದಿಂದ.

ಸರದಿಯ ಪ್ರಶ್ನೆ

ತಂತಿ ಒಂದೇ, ಮಾತನಾಡುವವರು ಅನೇಕರು. ಬಹಿರಂಗ ಸವಾಲಿನಲ್ಲಿ ಹತ್ತು ಜನ ಒಮ್ಮೆಗೇ ಕೂಗಿದರೆ ಯಾರ ದರವೂ ಕೇಳಿಸದು. ಕಚೇರಿಗಳಲ್ಲಿ ಗಣಕಯಂತ್ರಗಳನ್ನು ಜೋಡಿಸಲು ಬಳಸಿದ ಹಳೆಯ ಈಥರ್‌ನೆಟ್ ಹೀಗೆಯೇ ಇತ್ತು. ಇಬ್ಬರ ಸಂದೇಶಗಳು ಡಿಕ್ಕಿಯಾದರೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಯತ್ನಿಸುವುದು. ಪತ್ರ ಕಳುಹಿಸಲು ಇದು ಸಾಕು. ಚಲಿಸುತ್ತಿರುವ ರೋಬಾಟಿಗೆ 'ನಿಲ್ಲು' ಎಂಬ ಸಂದೇಶವು ಎಂದಾದರೂ ತಲುಪುತ್ತದೆ ಎಂದರೆ ಸಾಲದು. ಇಂತಿಷ್ಟು ಮಿಲಿಸೆಕೆಂಡಿನೊಳಗೆ ತಲುಪಲೇಬೇಕು. ಕೈಗಾರಿಕಾ ಸಂಪರ್ಕಜಾಲಕ್ಕೂ ಕಚೇರಿಯ ಜಾಲಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. ವೇಗಕ್ಕಿಂತ ನಿಶ್ಚಿತತೆ ಇಲ್ಲಿ ದೊಡ್ಡದು.

ಸರದಿಯನ್ನು ಗೊತ್ತುಪಡಿಸಲು ಬೇರೆ ಬೇರೆ ಉಪಾಯಗಳು ಬಂದವು. ಒಂದರಲ್ಲಿ, ಮುಖ್ಯ ಸಾಧನವು ಹಾಜರಿ ಕೂಗಿದಂತೆ ಒಬ್ಬೊಬ್ಬರನ್ನೇ ಕೇಳುತ್ತದೆ. ಕೇಳದೆ ಯಾರೂ ಬಾಯಿ ತೆರೆಯುವಂತಿಲ್ಲ. 1979ರಲ್ಲಿ ಬಂದ ಮಾಡ್‌ಬಸ್, 1990ರ ದಶಕದಲ್ಲಿ ಜರ್ಮನಿಯಿಂದ ಹರಡಿದ ಪ್ರೊಫಿಬಸ್ ಡಿ.ಪಿ. ಈ ಬಗೆಯವು. ಮತ್ತೊಂದು, ಬಾಷ್ ಸಂಸ್ಥೆಯು ಕಾರಿನ ಒಳಗಿನ ತಂತಿಯ ಭಾರ ತಗ್ಗಿಸಲೆಂದು 1983ರಲ್ಲಿ ಕೈಗೊಂಡು 1986ರಲ್ಲಿ ಪ್ರಕಟಿಸಿದ ಕ್ಯಾನ್ ಪದ್ಧತಿ. ಇದರ ಜಾಣ್ಮೆಯನ್ನು ಬ್ಯಾಡಗಿಯ ವರ್ತಕರಿಗೆ ವಿವರಿಸುವುದು ಸುಲಭ. ಮೆಣಸಿನಕಾಯಿಯ ಟೆಂಡರಿನಲ್ಲಿ ಎಲ್ಲರೂ ದರ ಹಾಕಿದರೂ ಲಾಟು ಸೇರುವುದು ಹೆಚ್ಚಿನ ದರ ಹಾಕಿದವನಿಗೆ. ಕ್ಯಾನ್‌ನಲ್ಲಿಯೂ ಒಮ್ಮೆಗೇ ಹಲವರು ಮಾತು ಆರಂಭಿಸಬಹುದು. ಪ್ರತಿ ಸಂದೇಶದ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಅತಿ ಕಡಿಮೆ ಸಂಖ್ಯೆಯದು ಗೆಲ್ಲುತ್ತದೆ, ಉಳಿದವರು ತಾವಾಗಿಯೇ ಮೌನವಾಗುತ್ತಾರೆ. ಗೆದ್ದ ಸಂದೇಶ ಕೆಡುವುದಿಲ್ಲ, ಕಾಲವೂ ವ್ಯರ್ಥವಾಗುವುದಿಲ್ಲ. ಅಮೆರಿಕದಲ್ಲಿ 1994ರಲ್ಲಿ ಬಂದ ಡಿವೈಸ್‌ನೆಟ್ ಈ ಕ್ಯಾನ್ ಮೇಲೆಯೇ ನಿಂತಿದೆ.

ಹೊಸ ಪೀಳಿಗೆಯ ಈಥರ್‌ಕ್ಯಾಟ್ 2003ರಲ್ಲಿ ಬೆಕಾಫ್ ಸಂಸ್ಥೆಯಿಂದ ಬಂದಿತು. ಇಲ್ಲಿ ಸಂದೇಶವು ಎಲ್ಲಿಯೂ ನಿಲ್ಲದ ರೈಲಿನಂತೆ ಎಲ್ಲ ಸಾಧನಗಳ ಮೂಲಕ ಹಾದುಹೋಗುತ್ತದೆ. ಪ್ರತಿ ಸಾಧನವೂ ಅದು ತನ್ನನ್ನು ದಾಟುತ್ತಿರುವಾಗಲೇ ತನ್ನ ಮೂಟೆ ಇಳಿಸಿಕೊಂಡು ಹೊಸ ಮೂಟೆ ಹೇರುತ್ತದೆ. ಸಾವಿರ ಸಂಕೇತಗಳ ವಿನಿಮಯ 30 ಮೈಕ್ರೊಸೆಕೆಂಡಿನಲ್ಲಿ ಮುಗಿಯುತ್ತದೆಂದು ಅದರ ಪ್ರವರ್ತಕರ ಲೆಕ್ಕ. ಟೊಯೊಟಾ ಸಂಸ್ಥೆಯು ತನ್ನ ಹೊಸ ಕಾರ್ಖಾನೆಗಳಲ್ಲಿ ಈಥರ್‌ಕ್ಯಾಟ್ ಬಳಸುವುದಾಗಿ 2016ರ ಏಪ್ರಿಲ್‌ನಲ್ಲಿ ಹ್ಯಾನೋವರ್ ಮೇಳದಲ್ಲಿ ಘೋಷಿಸಿತು. ಜರ್ಮನಿಯ ಕಾರು ತಯಾರಕರ ಕೂಟವಾದ ಐಡಾ 2004ರಲ್ಲಿಯೇ ಪ್ರೊಫಿನೆಟ್ ಪರವಾಗಿ ನಿಂತಿತ್ತು. ಜಪಾನಿನ ಮಿತ್ಸುಬಿಷಿಯ ಸಿ.ಸಿ.-ಲಿಂಕ್ ಮತ್ತೊಂದು ಪಂಥ. ಎಲ್ಲರೂ ಒಂದೇ ಭಾಷೆ ಆಡಲಿ ಎಂದು 1980ರ ದಶಕದಲ್ಲಿ ಜನರಲ್ ಮೋಟಾರ್ಸ್ ಮ್ಯಾಪ್ ಎಂಬ ಯೋಜನೆಯನ್ನು ಹಮ್ಮಿಕೊಂಡಿತ್ತು. ಅಷ್ಟು ದೊಡ್ಡ ಗಿರಾಕಿಯ ಹಟಕ್ಕೂ ಅದು ದಕ್ಕಲಿಲ್ಲ. ಹೀಗಿರುವಾಗ ಮಾರಾಟಗಾರನು 'ಸಾರ್, ಇದು ಎಲ್ಲದಕ್ಕೂ ಹೊಂದುತ್ತದೆ' ಎಂದರೆ ಸ್ವಲ್ಪ ಅನುಮಾನದಿಂದಲೇ ಕೇಳುವುದು ಒಳಿತು.

ಜಾಲ ಕಡಿದರೆ ಸಾಲು ನಿಲ್ಲುವುದೇಕೆ?

ಒಂದು ಕೇಬಲಿನ ದೋಷಕ್ಕೆ ಇಡೀ ಯಂತ್ರ ನಿಲ್ಲುವುದನ್ನು ಕಂಡು ಮಾಲೀಕರು ಸಿಟ್ಟಾಗುವುದು ಸಹಜ. ಆದರೆ ಅದು ಉದ್ದೇಶಪೂರ್ವಕ ವ್ಯವಸ್ಥೆ. ಗೊತ್ತುಪಡಿಸಿದ ಕಾಲದೊಳಗೆ ಸಂದೇಶ ಬರದಿದ್ದರೆ, ಮೋಟಾರು ಓಡಿಸುವ ಡ್ರೈವ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವಂತೆ ಅದನ್ನು ಹೊಂದಿಸಿರುತ್ತಾರೆ. ಹೊಳೆದಂಡೆಯ ಪಂಪ್‌ಸೆಟ್ಟಿನಲ್ಲಿ ಒಂದು ಫೇಸ್ ಹೋದರೆ ಸ್ಟಾರ್ಟರ್ ಬಿದ್ದುಹೋಗುವುದಿಲ್ಲವೇ, ಹಾಗೆ. ಕಾವಲುಗಾರನನ್ನು ತೆಗೆದುಹಾಕಿ ಯಂತ್ರ ಓಡಿಸಲು ಕೆಲವು ಮೆಕ್ಯಾನಿಕರು ಮುಂದಾಗುತ್ತಾರೆ. ಅದಕ್ಕೆ ಎಂದಿಗೂ ಒಪ್ಪಬಾರದು.

ದೋಷಗಳಲ್ಲಿ ಬಹುಪಾಲು ಕೇಬಲಿನವು. ಮೂಲ ನಿಯಮಗಳು ಸರಳವಾಗಿವೆ. ಉದ್ದ ಹೆಚ್ಚಿದಷ್ಟೂ ವೇಗ ತಗ್ಗಬೇಕು: ಪ್ರೊಫಿಬಸ್ 12 ಮೆಗಾಬಿಟ್ ವೇಗದಲ್ಲಿ 100 ಮೀಟರ್ ಮಾತ್ರ ಹೋಗುತ್ತದೆ, 93.75 ಕಿಲೊಬಿಟ್‌ಗೆ ಇಳಿಸಿದರೆ 1200 ಮೀಟರ್. ಕೇಬಲಿನ ಎರಡೂ ತುದಿಗಳಲ್ಲಿ ಅಂತ್ಯದ ರೆಸಿಸ್ಟರ್ ಇರಬೇಕು, ಇಲ್ಲದಿದ್ದರೆ ಸಂಕೇತವು ತುದಿಗೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗಿ ಗೊಂದಲ ಮಾಡುತ್ತದೆ. ಕ್ಯಾನ್ ಮತ್ತು ಡಿವೈಸ್‌ನೆಟ್‌ನಲ್ಲಿ ಇದು ತಲಾ ಸುಮಾರು 120 ಓಮ್. ವಿದ್ಯುತ್ ಆರಿಸಿ ಎರಡು ಸಂಕೇತ ತಂತಿಗಳ ನಡುವೆ ಸಾದಾ ಮೀಟರ್ ಹಿಡಿದರೆ 60 ಓಮ್ ತೋರಬೇಕು. 120 ತೋರಿದರೆ ಒಂದು ತುದಿಯದು ಕಳಚಿದೆ ಅಥವಾ ನಡುವೆ ತಂತಿ ಕಡಿದಿದೆ. 40 ತೋರಿದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಇದಕ್ಕೆ ಇಂಜಿನಿಯರನ್ನು ಬೆಂಗಳೂರಿನಿಂದ ಕರೆಸಬೇಕಿಲ್ಲ. ಮಾಡ್‌ಬಸ್ ಇರುವ ಡ್ರೈವ್ ಮತ್ತು ವಿದ್ಯುತ್ ಮೀಟರುಗಳಲ್ಲಿ ಇನ್ನೊಂದು ತೊಡಕು ಸಾಮಾನ್ಯ: ಹೊಸ ಸಾಧನಗಳು ಹೆಚ್ಚಾಗಿ 1 ಎಂಬ ವಿಳಾಸದೊಂದಿಗೇ ಬರುತ್ತವೆ, ಬದಲಿಸದೆ ಎರಡನ್ನು ಜೋಡಿಸಿದರೆ ಇಬ್ಬರೂ ಒಟ್ಟಿಗೆ ಉತ್ತರಿಸಿ ಎರಡೂ ಕೆಡುತ್ತವೆ.

ಕೆಲವು ವರ್ಷಗಳ ಹಿಂದೆ ಬೀಜ ಸಂಸ್ಕರಣೆಯ ಒಂದು ಘಟಕಕ್ಕೆ ನಾನು ಹೋಗಬೇಕಾಯಿತು. ಮುಂಗಾರಿನ ಬಿತ್ತನೆಗೆ ಮುನ್ನ, ಮಾಲು ಹೊರಡಬೇಕಾದ ದಿನಗಳಲ್ಲಿ, ಚೀಲ ತುಂಬುವ ಯಂತ್ರ ದಿನಕ್ಕೆ ಏಳೆಂಟು ಸಲ ನಿಲ್ಲುತ್ತಿತ್ತು. ಪಿ.ಎಲ್.ಸಿ. ಬದಲಿಸಿಯೂ ಆಗಿತ್ತು. ನೋಡಿದರೆ, ಸಂಪರ್ಕದ ಕೇಬಲನ್ನು ಮೋಟಾರಿನ ಪವರ್ ಕೇಬಲಿನ ಜೊತೆ ಒಂದೇ ಟ್ರೇಯಲ್ಲಿ ಕಟ್ಟಿದ್ದರು. ಎಲಿವೇಟರ್ ಚಾಲೂ ಆದಾಗಲೆಲ್ಲ ಸಂದೇಶ ಕೆಡುತ್ತಿತ್ತು. ಕೇಬಲನ್ನು ಬೇರೆ ದಾರಿಯಲ್ಲಿ ಒಯ್ದು, ಅದರ ಕವಚಕ್ಕೆ ಸರಿಯಾದ ಅರ್ಥಿಂಗ್ ಕೊಟ್ಟ ಮೇಲೆ ನಿಲುಗಡೆ ತಪ್ಪಿತು. ಆದರೆ ಆ ಹೊಸ ಪಿ.ಎಲ್.ಸಿ.ಗೆ ಪ್ರೋಗ್ರಾಂ ಹಾಕಿದವನು ಪಾಸ್‌ವರ್ಡ್ ಕೊಡದೆ ಹೋಗಿದ್ದ. ಮುಂದೆ ತೂಕದ ಪ್ರಮಾಣದಲ್ಲಿ ಒಂದು ಸಣ್ಣ ಬದಲಾವಣೆ ಬೇಕಾದಾಗ ಮಾಲೀಕರು ಮತ್ತೆ ಹಣ ತೆತ್ತು ಇಡೀ ಪ್ರೋಗ್ರಾಂ ಹೊಸದಾಗಿ ಬರೆಸಬೇಕಾಯಿತು. ಮೊದಲ ತಪ್ಪಿಗಿಂತ ಎರಡನೆಯದೇ ದುಬಾರಿಯಾಯಿತು.

ಎರಡು ಜಾಲಗಳು ಕೂಡುವಲ್ಲಿ

ನನ್ನ ಊರು ಗಳಗನಾಥ. ಅಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದಲ್ಲಿ ದೊಡ್ಡ ಹೊಳೆ ತುಂಬಿ ಬಂದರೆ ಸಣ್ಣ ಹೊಳೆಯ ನೀರು ಮುಂದೆ ಸಾಗದೆ ಹಿಂದಕ್ಕೊತ್ತುತ್ತದೆ. ಕಾರ್ಖಾನೆಯ ಯಂತ್ರಜಾಲವನ್ನು ಕಚೇರಿಯ ಜಾಲಕ್ಕೂ ಅಂತರ್ಜಾಲಕ್ಕೂ ಕೂಡಿಸಿದಾಗ ಇಂಥದೇ ಸ್ಥಿತಿ ಒದಗುತ್ತದೆ. ಉತ್ಪಾದನೆಯ ಅಂಕಿ ಅಂಶ ಕ್ಷಣದಲ್ಲಿ ದೊರೆಯುವುದು ನಿಜ. ಆದರೆ ಹೊರಗಿನ ತೊಂದರೆಯೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದಾಗ ರೆನೊ-ನಿಸ್ಸಾನ್‌ನ ಚೆನ್ನೈ ಕಾರ್ಖಾನೆಗೂ ಅದರ ಬಿಸಿ ತಟ್ಟಿತು.

ಸಣ್ಣ ಉದ್ದಿಮೆದಾರರು ವಿಶೇಷವಾಗಿ ಗಮನಿಸಬೇಕಾದದ್ದು 2022ರ ಘಟನೆ. ಟೊಯೊಟಾಗೆ ಪ್ಲಾಸ್ಟಿಕ್ ಭಾಗಗಳನ್ನು ಪೂರೈಸುವ ಜಪಾನಿನ ಕೊಜಿಮಾ ಸಂಸ್ಥೆಯ ಗಣಕಗಳ ಮೇಲೆ ಫೆಬ್ರುವರಿ ಕೊನೆಯಲ್ಲಿ ದಾಳಿಯಾಯಿತು. ದಾಳಿಕೋರರು ನುಗ್ಗಿದ್ದು ಆ ಸಂಸ್ಥೆಯ ಒಂದು ಅಂಗಸಂಸ್ಥೆಯಲ್ಲಿದ್ದ ದೂರಸಂಪರ್ಕ ಸಾಧನದ ಮೂಲಕ. ಬಿಡಿಭಾಗಗಳ ಬೇಡಿಕೆ-ಪೂರೈಕೆಯ ಲೆಕ್ಕ ನಿಂತುಹೋಯಿತು. ಗೋದಾಮಿನಲ್ಲಿ ದಾಸ್ತಾನು ಇಡದೆ ಬೇಕಾದಾಗ ಬೇಕಾದಷ್ಟೇ ತರಿಸುವ ಪದ್ಧತಿಯಾದುದರಿಂದ, ಮಾರ್ಚ್ 1ರಂದು ಜಪಾನಿನಲ್ಲಿರುವ ಟೊಯೊಟಾದ 14 ಕಾರ್ಖಾನೆಗಳ 28 ಸಾಲುಗಳೂ ನಿಂತವು. ಸುಮಾರು 13,000 ವಾಹನಗಳ ಒಂದು ದಿನದ ತಯಾರಿಕೆ ತಪ್ಪಿತು. 2023ರ ಆಗಸ್ಟ್ ಅಂತ್ಯದಲ್ಲಿ ಅವೇ 14 ಕಾರ್ಖಾನೆಗಳು ಮತ್ತೆ ನಿಂತದ್ದು ಯಾವ ದಾಳಿಯಿಂದಲೂ ಅಲ್ಲ; ಬಿಡಿಭಾಗಗಳ ಬೇಡಿಕೆ ನಿರ್ವಹಿಸುವ ಸರ್ವರುಗಳ ಡಿಸ್ಕಿನಲ್ಲಿ ಜಾಗ ಸಾಲದೆ!

ಇದರ ಪರಿಣಾಮವಾಗಿ ದೊಡ್ಡ ಗಿರಾಕಿಗಳು ಇನ್ನು ಮುಂದೆ ಪೂರೈಕೆದಾರರ ಜಾಲವನ್ನೂ ಪರಿಶೀಲಿಸದೆ ಬಿಡಲಾರರು ಎಂದು ನನ್ನ ಎಣಿಕೆ. ಹುಬ್ಬಳ್ಳಿ-ಧಾರವಾಡದ ಘಟಕಗಳಿಗೆ ಜಾಬ್ ವರ್ಕ್ ಮಾಡಿಕೊಡುವವರೂ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿಟ್ಟುಕೊಳ್ಳಬೇಕು. ಯಂತ್ರ ಪೂರೈಸಿದವರು ದೂರದಿಂದ ದುರಸ್ತಿ ಮಾಡಲೆಂದು ಇಟ್ಟುಹೋದ ಮೋಡೆಮ್ ಸದಾ ಚಾಲೂ ಇರಬೇಕಾಗಿಲ್ಲ. ಕರೆ ಮಾಡಿದಾಗ ಹಾಕಿ, ಕೆಲಸ ಮುಗಿದೊಡನೆ ತೆಗೆಯುವುದಕ್ಕೆ ಖರ್ಚೇನೂ ಇಲ್ಲ. ಕಚೇರಿಯ ಜಾಲಕ್ಕೂ ಯಂತ್ರಗಳ ಜಾಲಕ್ಕೂ ನಡುವೆ ಫೈರ್‌ವಾಲ್ ಎಂಬ ತೂಬನ್ನು ಇಡಬೇಕು.

ಹೊಸ ಯಂತ್ರ ಕೊಳ್ಳುವವರು ಆರ್ಡರಿನಲ್ಲಿಯೇ ಕೆಲವು ಮಾತುಗಳನ್ನು ಬರೆಯಿಸಿಕೊಳ್ಳಬೇಕು: ಪಿ.ಎಲ್.ಸಿ. ಪ್ರೋಗ್ರಾಮಿನ ಪ್ರತಿ ಮತ್ತು ಪಾಸ್‌ವರ್ಡ್ ಖರೀದಿದಾರನಿಗೆ ಸೇರಬೇಕು; ಸಂಪರ್ಕಜಾಲ ಯಾವುದು, ಯಾವ ಸಾಧನಕ್ಕೆ ಯಾವ ವಿಳಾಸ ಎಂಬ ಪಟ್ಟಿ ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿರಬೇಕು. ಕೊನೆಯ ಕಂತಿನ ಹಣವನ್ನು ಇವು ಕೈಸೇರಿದ ಮೇಲೆಯೇ ಕೊಡುವುದು ಕ್ಷೇಮ. ಇನ್ನು ಪದ್ಧತಿಯ ಆಯ್ಕೆಯಲ್ಲಿ, ಸಣ್ಣ ಘಟಕಗಳಿಗೆ ಅತಿ ವೇಗದ್ದಕ್ಕಿಂತ, ರಾಣೆಬೆನ್ನೂರು ಅಥವಾ ಹುಬ್ಬಳ್ಳಿಯಲ್ಲಿ ರಿಪೇರಿ ಬಲ್ಲವರು ಇರುವಂಥದ್ದೇ ಮೇಲು ಎಂಬುದು ನನ್ನ ಅಭಿಪ್ರಾಯ. ಹತ್ತಿಪ್ಪತ್ತು ಮೋಟಾರುಗಳ ಗಿರಣಿಗೆ ಮಾಡ್‌ಬಸ್ ಧಾರಾಳವಾಗಿ ಸಾಕು. ಕೆಲಸಗಾರರನ್ನು ತರಬೇತಿಗೆ ಕಳುಹಿಸಬಯಸುವವರಿಗೆ ಹುಬ್ಬಳ್ಳಿ ಮತ್ತು ಹರಿಹರಗಳಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಿವೆ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದೊಂದಿಗೆ ಮೇಲ್ದರ್ಜೆಗೇರಿಸಲಾದ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳಲ್ಲಿಯೂ ರೋಬಾಟು ಮತ್ತು ಸ್ವಯಂಚಾಲನೆಯ ಪಾಠಕ್ರಮವನ್ನು ಸೇರಿಸಲಾಗಿದೆ.